ಹುರುಳಿ ಪುಡಿಗೆ ನಾನು ಬರೆದ ಷರಾ

ಕೊರೊನಾ ಹಾವಳಿ ತಗ್ಗಿದ ಮರುವರ್ಷ. ಆಗ ನಾನು ವಿಜಯಪುರದ ಒಂದು ಆಹಾರ ಪರೀಕ್ಷಾ ಪ್ರಯೋಗಾಲಯದಲ್ಲಿ ಹಿರಿಯ ವಿಶ್ಲೇಷಕಿಯಾಗಿದ್ದೆ. ನಿವೃತ್ತಿಗೆ ಮೂರು ವರ್ಷ ಬಾಕಿ ಇತ್ತು. ಒಣದ್ರಾಕ್ಷಿ, ಎಣ್ಣೆ, ಖಾರದ ಪುಡಿ, ಬೇಳೆಕಾಳು, ಹೀಗೆ ದಿನಕ್ಕೆ ಹತ್ತಾರು ಮಾದರಿಗಳು ಬರುತ್ತಿದ್ದವು.

ತಿಕೋಟಾದ ಶಕೀಲಾ ಒಂದು ಬೆಳಿಗ್ಗೆ ಎರಡು ಡಬ್ಬಿ ತಂದರು. ಅವರ ಮನೆಯವರದು ಒಣದ್ರಾಕ್ಷಿ ವ್ಯಾಪಾರ. ತಮ್ಮದೇ ಒಂದು ಕೆಲಸ ಇರಲಿ ಎಂದು ಇವರು ಹುರುಳಿಯನ್ನು ಮೊಳಕೆ ಬರಿಸಿ, ಒಣಗಿಸಿ, ಹುರಿದು ಪುಡಿ ಮಾಡತೊಡಗಿದ್ದರು. ಒಂದು ಡಬ್ಬಿಯಲ್ಲಿ ಕಪ್ಪು ಹುರುಳಿ, ಇನ್ನೊಂದರಲ್ಲಿ ಅದರ ಪುಡಿ.

“ಮೇಡಮ್, ಇದರಾಗ ಆ್ಯಂಟಿಆಕ್ಸಿಡೆಂಟ್ ಭಾಳ ಇರತೈತಿ ಅಂತ ಮೊಬೈಲ್‌ನಾಗ ನೋಡೇನಿ. ಖರೇ ಏನು ಅಂತ ನೋಡಿ ಹೇಳ್ರಿ” ಎಂದರು.

ದ್ವಿದಳ ಕಾಳುಗಳ ಸಿಪ್ಪೆಯಲ್ಲಿ ಪಾಲಿಫಿನಾಲ್ ಎಂಬ ಸಂಯುಕ್ತಗಳಿರುತ್ತವೆ. ಸಿಪ್ಪೆಯ ಬಣ್ಣ ಗಾಢವಾಗಿದ್ದರೆ ಸಾಮಾನ್ಯವಾಗಿ ಅವು ಹೆಚ್ಚು. ಅವುಗಳ ಶಕ್ತಿ ತಿಳಿಯಲು ಒಂದು ಸರಳ ಪರೀಕ್ಷೆ ಇದೆ. ನೇರಳೆ ಬಣ್ಣದ ರಾಸಾಯನಿಕವೊಂದಕ್ಕೆ ಕಾಳಿನ ಸಾರ ಬೆರೆಸಬೇಕು. ಬಣ್ಣ ಎಷ್ಟು ಕಳೆಯಿತೋ ಆ್ಯಂಟಿಆಕ್ಸಿಡೆಂಟ್ ಗುಣ ಅಷ್ಟಿದೆ ಎಂದರ್ಥ. ಶಕೀಲಾ ತಂದ ಪುಡಿಯ ಸಾರ ಬಿದ್ದ ಕೊಳವೆ ನೋಡನೋಡುತ್ತಲೇ ಹಳದಿಯಾಯಿತು. ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ಅಂಕಿಗಳನ್ನು ವರದಿಯಲ್ಲಿ ತುಂಬಿದೆ.

ಅಲ್ಲಿಗೆ ನಿಲ್ಲಿಸಬೇಕಿತ್ತು. ವರದಿಯ ಕೊನೆಯಲ್ಲಿ ‘ಷರಾ’ ಎಂಬ ಅಂಕಣವಿರುತ್ತದೆ. ಯಾರೂ ಕೇಳದಿದ್ದರೂ ಉತ್ಸಾಹದಲ್ಲಿ ಬರೆದೆ: ‘ಆರೋಗ್ಯಕ್ಕೆ ಹಿತಕರ. ಸಕ್ಕರೆ ಕಾಯಿಲೆ ಇದ್ದವರಿಗೆ ಉಪಯುಕ್ತ.’

ನಾಲ್ಕು ತಿಂಗಳ ನಂತರ ಜೈನಾಪುರದ ರೈತ ಸಿದ್ದಪ್ಪ ಪ್ರಯೋಗಾಲಯಕ್ಕೆ ಬಂದರು. ಬಬಲೇಶ್ವರದ ಸಂತೆಯಲ್ಲಿ ಕೊಂಡ ಪುಡಿಯ ಪೊಟ್ಟಣವನ್ನು ನನ್ನ ಮೇಜಿನ ಮೇಲಿಟ್ಟರು. ‘ವಿಜಯಪುರ ಪ್ರಯೋಗಾಲಯದ ವರದಿ’ ಎಂಬ ಶೀರ್ಷಿಕೆಯ ಕೆಳಗೆ ನನ್ನ ಮಾತು ದಪ್ಪಕ್ಷರದಲ್ಲಿತ್ತು.

“ಬಾಯಾರ, ಇದನ್ನ ಬರದವ್ರು ನೀವೇನ್ರಿ?”

ಹೌದೆಂದೆ.

“ನಮ್ಮವ್ವ ಇದನ್ನ ನಂಬಿ ಎರಡು ತಿಂಗಳಿಂದ ಸಕ್ಕರಿ ಗುಳಿಗಿ ಬಿಟ್ಟಾಳ್ರಿ. ಹೊಲದಾಗ ಕಾಲಿಗೆ ಕೊಯ್ದ ಜ್ವಾಳದ ಕೂಳಿ ಚುಚ್ಚಿತ್ತು, ಗಾಯ ಮಾಯಲಿಲ್ಲ. ಈಗ ದವಾಖಾನ್ಯಾಗ ಅದಾಳ. ಬೆರಳ ತಗೀಬೇಕು ಅಂತಾರ.” ಪೊಟ್ಟಣದ ಅಕ್ಷರಗಳ ಮೇಲೆ ಬೆರಳಿಟ್ಟು ಹೇಳಿದರು: “ಅಕಿಗೆ ಓದಾಕ ಬರೂದಿಲ್ರಿ. ಓದಿ ಹೇಳಿದಾಂವ ನಾನ.”

ವರದಿಯನ್ನು ಜಾಹೀರಾತಿಗೆ ಬಳಸುವಂತಿಲ್ಲ ಎಂದು ಅದರ ಅಡಿಯಲ್ಲೇ ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ. ಅದನ್ನು ತೋರಿಸಬೇಕೆಂದು ಒಂದು ಕ್ಷಣ ಅನ್ನಿಸಿದ್ದು ನಿಜ. ತೋರಿಸಲಿಲ್ಲ. ಕೊಳವೆಯಲ್ಲಿ ಬಣ್ಣ ಕಳೆದದ್ದನ್ನಷ್ಟೇ ನಾನು ಕಂಡಿದ್ದೆ. ಆ ಸಂಯುಕ್ತಗಳಲ್ಲಿ ಎಷ್ಟು ಜೀರ್ಣವಾಗಿ ರಕ್ತ ಸೇರುತ್ತವೆ, ಸೇರಿದರೆ ಸಕ್ಕರೆ ಎಷ್ಟು ತಗ್ಗುತ್ತದೆ ಎಂಬುದನ್ನು ನಾನು ಪರೀಕ್ಷಿಸಿಯೇ ಇರಲಿಲ್ಲ.

ನಮ್ಮ ಮುಖ್ಯಸ್ಥರಿಗೆ ಎಲ್ಲವನ್ನೂ ತಿಳಿಸಿದೆ. “ಪುಡಿಯಲ್ಲೇನಾದರೂ ದೋಷ ಇದೆಯೇ?” ಎಂದು ಕೇಳಿದರು. “ಪುಡಿ ಚೆನ್ನಾಗಿದೆ ಸರ್. ತಪ್ಪು ನನ್ನ ಷರಾದಲ್ಲಿದೆ” ಎಂದೆ. ಷರಾ ತೆಗೆದುಹಾಕಿದ ಪರಿಷ್ಕೃತ ವರದಿ ಅಂದೇ ಸಿದ್ಧವಾಯಿತು. ಮಧ್ಯಾಹ್ನದ ಬಸ್ಸಿಗೆ ಅದನ್ನು ಹಿಡಿದು ತಿಕೋಟಾಕ್ಕೆ ಹೋದೆ.

ನಡೆದದ್ದನ್ನು ಕೇಳುತ್ತಿದ್ದಂತೆ ಶಕೀಲಾ ಅವರ ಮುಖ ಕೆಂಪಾಯಿತು. “ನಾ ಸುಳ್ಳ ಹಾಕಿಲ್ರಿ ಮೇಡಮ್. ನೀವ ಬರದದ್ದನ್ನ ಹಾಕೇನಿ.”

“ಖರೇ ಐತಿ. ಅದಕ್ಕ ನಾನ ಬಂದೇನಿ” ಎಂದೆ.

ಅವರು ಪರಿಷ್ಕೃತ ವರದಿಯನ್ನು ಎರಡು ಸಲ ಓದಿದರು. ಆಮೇಲೆ ಎದ್ದು ಬುರ್ಖಾ ಹಾಕಿಕೊಂಡರು. ಎರಡು ದಿನ ತಿಕೋಟಾ, ಬಬಲೇಶ್ವರದ ಅಂಗಡಿ ಅಂಗಡಿಗೆ ಹೋಗಿ ಪೊಟ್ಟಣಗಳನ್ನೆಲ್ಲ ವಾಪಸ್ ತಂದರು. ಕೊಂಡು ಹೋದವರು ಸಿಕ್ಕರೆ ಗುಳಿಗೆ ಬಿಡಬೇಡಿ ಎಂದು ಹೇಳುವಂತೆ ಪ್ರತಿ ಅಂಗಡಿಯವನಿಂದ ಮಾತು ತೆಗೆದುಕೊಂಡರು. ಮೂರನೆಯ ದಿನ ನಾವಿಬ್ಬರೂ ಆಸ್ಪತ್ರೆಗೆ ಹೋದೆವು.

ಸಿದ್ದಪ್ಪನವರ ತಾಯಿ ಗಂಗವ್ವನ ಬಲಗಾಲಿನ ಒಂದು ಬೆರಳನ್ನು ಹಿಂದಿನ ದಿನ ತೆಗೆದಿದ್ದರು. ಪಾದ ಉಳಿದಿತ್ತು. ನಾನು ಯಾರೆಂದು ಹೇಳಿ, ತಪ್ಪಾಯಿತು ಎಂದೆ. ಶಕೀಲಾ ಬುರ್ಖಾದ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಗಂಗವ್ವ ನಮ್ಮಿಬ್ಬರನ್ನೂ ನೋಡಿದರು. “ಅಳಬ್ಯಾಡ್ರವ್ವಾ. ಗುಳಿಗಿ ಬಿಡಾಕ ನಾನ ಒಂದು ನೆವಾ ಹುಡುಕಾಕತ್ತಿದ್ದೆ. ಗುಳಿಗಿ ನುಂಗಿದ್ರ ದಿನಾ ಬೆಳಗಾದ್ರ ರೋಗಿಷ್ಟಿ ಅನಸತೈತಿ. ಹುರಳಿ ತಿಂದ್ರ ಎಲ್ಲಾರ ಕೂಡ ಉಂಡಂಗ ಆಗತೈತಿ. ಅದನ್ನ ಯಾರ ಮುಂದ ಹೇಳ್ಲಿ?”

ಆಸ್ಪತ್ರೆಯಿಂದ ಹೋದ ಮೇಲೆ ಅವರು ಗುಳಿಗೆ ತಪ್ಪಿಸಲಿಲ್ಲ ಎಂದು ಸಿದ್ದಪ್ಪ ಮುಂದೆ ತಿಳಿಸಿದರು. ವೈದ್ಯರನ್ನು ಕೇಳಿ ಹುರುಳಿಯನ್ನೂ ಉಣ್ಣುತ್ತಿದ್ದರಂತೆ. ಶಕೀಲಾ ಹೊಸ ಪೊಟ್ಟಣ ಮಾಡಿಸಿದರು. ಅದರ ಮೇಲೆ ಇದು ಆಹಾರ, ಔಷಧಿಯಲ್ಲ ಎಂದು ಮೊದಲ ಸಾಲಿನಲ್ಲೇ ಇತ್ತು.

ನಮ್ಮ ವರದಿಯನ್ನು ಅಧಿಕಾರಿಗಳು, ವ್ಯಾಪಾರಿಗಳು ಓದುತ್ತಾರೆಂದು ಇಪ್ಪತ್ತೇಳು ವರ್ಷ ನಂಬಿದ್ದೆ. ಒಂದು ಆಸೆ ಇಟ್ಟುಕೊಂಡು ಕೂತವರ ಕಿವಿಗೂ ಅದು ಬೀಳುತ್ತದೆ ಎಂದು ತಿಳಿದಿರಲಿಲ್ಲ. ಅಳೆಯುವವರಿಗೆ ತಾವು ಏನನ್ನು ಅಳೆದಿಲ್ಲ ಎಂಬುದು ಗೊತ್ತಿರುತ್ತದೆ. ಕೇಳುವವರಿಗೆ ಅದು ಗೊತ್ತಾಗುವ ದಾರಿಯಿಲ್ಲ. ನಾವೇ ಬಾಯಿಬಿಟ್ಟು ಹೇಳಬೇಕು.