ಗಿಳಿ ಚೀಟಿಯ ಬಂಗುಡೆ

ಹೋದ ಭಾನುವಾರ ಹರಿಹರದ ಮೀನು ಮಾರ್ಕೆಟ್ಟಿನಲ್ಲಿ ಒಂದು ಬಂಗುಡೆ ನೋಡಿದೆ. ಅದರ ಹೊಟ್ಟೆಯ ಮೇಲೆ ಒಂದು ಚೀಟಿ ಅಂಟಿತ್ತು. ಚಿನ್ನದ ಬಣ್ಣದ ಅಂಚು, ನಡುವೆ ಹಸಿರು ಗಿಳಿ, ಕೆಳಗೆ ದಪ್ಪ ಅಕ್ಷರದಲ್ಲಿ: 'ಪಕ್ಕಾ ಬಣ್ಣ. ಎಷ್ಟು ಒಗೆದರೂ ಹೋಗದು.'

ನಗಬೇಡಿ. ತಪ್ಪು ಮೀನಿನದಲ್ಲ. ಮೀನು ಮಾರುವ ದುರುಗಮ್ಮನದೂ ಅಲ್ಲ. ನನ್ನದು.

(ನನ್ನ ತಪ್ಪುಗಳನ್ನೆಲ್ಲ ಬರೆಯಲು ಕೂತರೆ ಸಂಪಾದಕರು ಒಂದು ಪುರವಣಿಯನ್ನೇ ಬಿಟ್ಟುಕೊಡಬೇಕಾಗುತ್ತದೆ. ಇವತ್ತಿಗೆ ಒಂದೇ ಸಾಕು.)

ಮೂರು ವಾರದ ಹಿಂದೆ ಇದೇ ಅಂಕಣದಲ್ಲಿ ಸಮುದ್ರದ ಮೀನಿನ ಲೇಬಲ್ ಬಗ್ಗೆ ಬರೆದಿದ್ದೆ. ಓದಿದವರಿಗೆ ನೆನಪಿರಬಹುದು. ಓದದವರಿಗೆ ನಾಲ್ಕು ಮಾತು. ಹೊರದೇಶಗಳಲ್ಲಿ ಈಗ ಹೊಸದೊಂದು ಏರ್ಪಾಡು ಶುರುವಾಗುತ್ತಿದೆಯಂತೆ. ಮೀನಿನ ಸಂತಾನ ಉಳಿಯುವ ಹಾಗೆ ಹಿಡಿದರೋ, ಮರಿ ಮೊಟ್ಟೆ ಎಲ್ಲ ಗೋರಿದರೋ? ಬಲೆಗೆ ಬಿದ್ದ ಬೇರೆ ಜೀವಿಗಳ ಗತಿ ಏನಾಯಿತು? ಇದನ್ನೆಲ್ಲ ಯಾರೋ ಪರೀಕ್ಷೆ ಮಾಡುತ್ತಾರೆ. ದೋಣಿಯಿಂದ ಅಂಗಡಿಯವರೆಗೆ ಪ್ರತಿ ಪೆಟ್ಟಿಗೆಯ ಬೆನ್ನು ಹತ್ತುತ್ತಾರೆ. ಎಲ್ಲ ಸರಿ ಇದ್ದರೆ ಪ್ಯಾಕೆಟ್ಟಿನ ಮೇಲೆ ಒಂದು ಗುರುತು ಹಾಕುತ್ತಾರೆ. ಗುರುತು ನೋಡಿ ಜನ ಸಮಾಧಾನದಿಂದ ತಿನ್ನುತ್ತಾರೆ.

ಸಮಾಧಾನದಿಂದ ತಿನ್ನುವುದು! ನನ್ನಂಥ ಚಿಂತೆಗಾರನಿಗೆ ಇದಕ್ಕಿಂತ ದೊಡ್ಡ ಆಸೆ ಯಾವುದಿದೆ? ನಾನು ಹಾಲಿನ ಪ್ಯಾಕೆಟ್ಟನ್ನೂ ತಿರುಗಿಸಿ ತಿರುಗಿಸಿ ನೋಡಿ, ಕೊನೆಗೆ ಒಡೆದುಕೊಂಡು ಬಿಡುವವನು.

ಈ ಲೇಬಲ್ ಸುದ್ದಿ ಇದ್ದ ಇಂಗ್ಲಿಷ್ ಪತ್ರಿಕೆಯ ತುಣುಕನ್ನು ಕಳಿಸಿದ್ದು ನನ್ನ ಹೆಂಡತಿ. ಆಕೆ ಮಲ್ಪೆಯಲ್ಲಿ ಬ್ಯಾಂಕ್ ಆಫೀಸರ್. ಹುಟ್ಟಿದ ಊರೂ ಅದೇ. ದಾವಣಗೆರೆಯಲ್ಲಿ ಗುಮಾಸ್ತೆಯಾಗಿದ್ದಾಗ ನನ್ನನ್ನು ಮದುವೆಯಾದಳು, ಮೀನು ತಿನ್ನುವುದನ್ನು ಕಲಿಸಿದಳು, ಎರಡು ವರ್ಷದ ಹಿಂದೆ ಪ್ರಮೋಶನ್ ಸಿಕ್ಕಿ ಹೊರಟಳು. ನಾನು ಇಲ್ಲಿ ಖಾಸಗಿ ಕಾಲೇಜಿನಲ್ಲಿ ಭೂಗೋಳದ ಮೇಷ್ಟ್ರು. ನನಗೆ ವರ್ಗಾವಣೆ ಇಲ್ಲ. ಮೊದಲು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಆಮೇಲೆ ಎರಡು ತಿಂಗಳಿಗೊಮ್ಮೆ. ಈಗ ಭಾನುವಾರ ಎಸ್‌ಟಿಡಿ ಬೂತಿಗೆ ಹೋಗುತ್ತೇನೆ.

ಜಗಳವೇನೂ ಇಲ್ಲ. ಜಗಳವಿದ್ದಿದ್ದರೆ ಮಾತಾದರೂ ಹೆಚ್ಚಾಗುತ್ತಿತ್ತು.

ವಿದ್ಯಾನಗರದಲ್ಲಿ ನಾನಿರುವ ಮನೆಯ ಮಾಲೀಕರು ಮಹಡಿಯ ಮೇಲಿದ್ದಾರೆ. ದಿನಾ ಲಿಂಗಪೂಜೆ ಮಾಡುವ ಮನೆ. ಇಲ್ಲಿಗೆ ತತ್ತಿ ಕೂಡ ಗೇಟು ದಾಟಿ ಬರುವಂತಿಲ್ಲ. ಹೆಂಡತಿ ಇಲ್ಲಿದ್ದಾಗಲೇ ನಾವು ಭಾನುವಾರ ಮೀನು ತಿನ್ನಲು ಹರಿಹರದ ಬಸ್ಸು ಹತ್ತುತ್ತಿದ್ದೆವು. ದಾವಣಗೆರೆಯಲ್ಲಿ ಮೀನು ಸಿಗದೆಂದಲ್ಲ. ಸಿಗುವ ಜಾಗದಲ್ಲಿ ಪರಿಚಯದವರೂ ಸಿಗುತ್ತಾರೆ. ಹರಿಹರದಲ್ಲಿ ನನಗೆ ಪರಿಚಯದವರಿಲ್ಲ. ಅಲ್ಲಿರುವುದು ದುರುಗಮ್ಮ ಒಬ್ಬಳೇ.

ದುರುಗಮ್ಮನ ಪದ್ಧತಿ ಹೀಗೆ. ಅವಳು ಮೀನು ತೂಗುತ್ತಾಳೆ, ಹೆರೆಯುತ್ತಾಳೆ. ನಮ್ಮಂಥ ಮನೆಗೆ ಒಯ್ಯಲಾಗದ ಗಿರಾಕಿಗಳಿಗೆ ಹಿಂದುಗಡೆ ಪಂಪ್ ಸ್ಟೌ ಮೇಲೆ ಖಾರ ಹಚ್ಚಿ ಹುರಿದೂ ಕೊಡುತ್ತಾಳೆ. ಪಕ್ಕದಲ್ಲಿ ಒಂದು ಕಲ್ಲು. ಅಲ್ಲಿ ಕೂತರೆ ಹೊಳೆ ಕಾಣುತ್ತದೆ. ಹೆಂಡತಿ ಮಲ್ಪೆಗೆ ಹೋದ ಮೇಲೆ ಆ ಕಲ್ಲಿನ ಅರ್ಧಭಾಗ ಖಾಲಿ. ನಾನು ಈಗಲೂ ಅರ್ಧದಲ್ಲೇ ಕೂರುತ್ತೇನೆ. (ಇದು ದುಃಖವೋ ಅಭ್ಯಾಸವೋ ನನಗೂ ಗೊತ್ತಿಲ್ಲ.)

ಎರಡು ವರ್ಷದಿಂದ ಪ್ರತಿ ಭಾನುವಾರ ದುರುಗಮ್ಮ ಎರಡೇ ಮಾತು ಆಡುತ್ತಿದ್ದಳು. ಒಂದು, "ಅಮ್ಮಾರು ಹೆಂಗದಾರ್ರಿ?" ಇನ್ನೊಂದು, ತಟ್ಟೆ ಕೈಗಿಡುತ್ತ, "ತಿನ್ರಿ ಮೇಷ್ಟ್ರೇ, ನಿಮ್ಮ ಮನೆಯೋರ ಊರಿನ ಮೀನು."

ಅಷ್ಟೇ. ವಾರದಲ್ಲಿ ನನ್ನ ಮನೆಯವಳ ಸುದ್ದಿ ಕೇಳುವ ಜೀವ ಅದೊಂದೇ. ಮಲ್ಪೆಯಲ್ಲಿ ಹಿಡಿದ ಮೀನು, ಐಸಿನಲ್ಲಿ ಮಲಗಿ, ಘಾಟಿ ಹತ್ತಿ ಇಳಿದು ನನ್ನ ತಟ್ಟೆಗೆ ಬಂದಿದೆ ಎಂದುಕೊಂಡರೆ ಆ ಊರು ಇಷ್ಟೇ ದೂರ ಅನ್ನಿಸುತ್ತಿತ್ತು. ಅವಳ ಬ್ಯಾಂಕಿನ ಕಿಟಕಿಯ ಎದುರಿಗೇ ಈ ಲಾರಿ ಹಾದುಬಂದಿರಬಹುದು ಅಂತ ಲೆಕ್ಕ ಹಾಕುತ್ತಿದ್ದೆ.

ಮೂರು ವಾರದ ಹಿಂದಿನ ಅಂಕಣವನ್ನು ನಾನು ಮುಗಿಸಿದ್ದು ಇದೇ ಹೆಮ್ಮೆಯಲ್ಲಿ. 'ಲೇಬಲ್ಲಿಗಾಗಿ ಹೊರದೇಶಕ್ಕೆ ಯಾಕೆ ಹೋಗಬೇಕು? ನಮ್ಮ ಹರಿಹರದ ದುರುಗಮ್ಮ ಇದ್ದಾಳೆ. ಈ ವಾರವೂ ಮಲ್ಪೆಯ ಮೀನೇ ಕೊಟ್ಟಳು. ಅವಳ ಬಾಯಿಮಾತೇ ಸರ್ಟಿಫಿಕೇಟು. ನೀವೂ ನಿಮ್ಮ ಮೀನಿನವರನ್ನು ಕೇಳಿ, ಇದು ಎಲ್ಲಿಯದು ಅಂತ' ಎಂದು ಉಪದೇಶ ಬೇರೆ ಮಾಡಿದ್ದೆ.

ಅಂಕಣ ಬಂದ ದಿನ ಮಹಡಿಯಿಂದ ಇಳಿಯುತ್ತ ಮಾಲೀಕರು ಕೇಳಿದರು, "ಏನ್ರಿ ಮೇಷ್ಟ್ರೇ, ಲೇಬಲ್ ಹಚ್ಚಿದ ಮ್ಯಾಲೆ ಅದು ತರಕಾರಿ ಆಗ್ತೈತೇನ್ರಿ?"

ನಾನು ನಕ್ಕೆ. ಅವರು ನಗಲಿಲ್ಲ. ಮನೆ ಬಿಡಿಸುತ್ತಾರೇನೋ ಎಂದು ಹೆದರಿ ಎರಡು ಭಾನುವಾರ ಹರಿಹರದ ಕಡೆಗೇ ಹೋಗಲಿಲ್ಲ. ಹೆದರಬೇಕಾದದ್ದು ಬೇರೆ ಕಡೆ ಇತ್ತು.

ಅಂಕಣದ ಕಟಿಂಗನ್ನು ಅಂಚೆಯಲ್ಲಿ ಹೆಂಡತಿಗೆ ಕಳಿಸಿದ್ದೆ. ಮುಂದಿನ ಫೋನಿನಲ್ಲಿ ಅವಳು ಮೊದಲು ಜೋರಾಗಿ ನಕ್ಕಳು. ಆಮೇಲೆ ಕೇಳಿದಳು, "ಎಂತ ಮಾರಾಯ್ರೆ ಇದು? ಮಲ್ಪೆ ಮೀನಾ? ಈಗ?"

"ಹೌದು. ಯಾಕೆ?"

"ಇಲ್ಲಿ ಮಳೆಗಾಲದ ಬಂದ್ ಅಲ್ವಾ? ಬೋಟೆಲ್ಲ ದಡದಲ್ಲಿ ಸಾಲಾಗಿ ನಿಂತಿವೆ. ನಾಡದೋಣಿಯವರು ಹತ್ತಿರದಲ್ಲೇ ಹಿಡಿದದ್ದು ಇಲ್ಲಿಯವರಿಗೇ ಸಾಲುವುದಿಲ್ಲ. ನಿಮ್ಮ ಹರಿಹರಕ್ಕೆ ಯಾರು ಕಳಿಸುವುದು?"

ನಾನು ಬೂತಿನ ಗಾಜಿಗೆ ತಲೆ ಆನಿಸಿ ನಿಂತೆ. ಹದಿನೆಂಟು ವರ್ಷದಿಂದ ಮಕ್ಕಳಿಗೆ ನೈಋತ್ಯ ಮಾನ್ಸೂನ್ ಪಾಠ ಮಾಡುತ್ತಿದ್ದೇನೆ. ಮಳೆಗಾಲದಲ್ಲಿ ಕಡಲು ಕೆರಳುತ್ತದೆ, ಮೀನು ಮೊಟ್ಟೆಯಿಡುವ ಕಾಲ, ಯಾಂತ್ರಿಕ ದೋಣಿಗಳು ಇಳಿಯುವುದಿಲ್ಲ ಎಂದು ಬೋರ್ಡಿನ ಮೇಲೆ ಬರೆದಿದ್ದೇನೆ. ಪರೀಕ್ಷೆಯಲ್ಲಿ ಬರೆಯದವರ ಮಾರ್ಕ್ಸ್ ಕತ್ತರಿಸಿದ್ದೇನೆ. ತಟ್ಟೆ ಮುಂದೆ ಕೂತಾಗ ಅದೊಂದೂ ನೆನಪಾಗಲಿಲ್ಲ. ಯಾಕೆ ನೆನಪಾಗಲಿಲ್ಲ?

ಫೋನಿನಲ್ಲಿ ಅವಳು ಮೆಲ್ಲಗೆ, "ನಮ್ಮೂರಿನ ಮೀನು ಅಂತ ಅಲ್ಲಿ ಕೂತು ತಿನ್ನುವ ಬದಲು ಇಲ್ಲಿಗೇ ಬರಬಹುದಿತ್ತಲ್ಲ" ಅಂದಳು.

"ಮಳೆ ಜೋರಿದೆ" ಅಂದೆ.

"ಅದು ನಿಮಗೆ ಈಗ ಗೊತ್ತಾಯಿತಾ?" ಅಂದು ಫೋನಿಟ್ಟಳು.

ಹೋದ ಭಾನುವಾರ ಹರಿಹರಕ್ಕೆ ಹೋದಾಗ ಕಂಡದ್ದು ಆ ಗಿಳಿ ಚೀಟಿ. ಒಂದಲ್ಲ, ಬುಟ್ಟಿಯಲ್ಲಿದ್ದ ಎಲ್ಲ ಬಂಗುಡೆಗೂ ಒಂದೊಂದು. ದುರುಗಮ್ಮನ ಗಂಡ ದಾವಣಗೆರೆಯ ಬಟ್ಟೆ ಗಿರಣಿಯೊಂದರಲ್ಲಿ ಬಟ್ಟೆ ಮಡಚಿ ಚೀಟಿ ಹಚ್ಚುವ ಖಾತೆಯಲ್ಲಿದ್ದ. ಗಿರಣಿ ಮುಚ್ಚಿದಾಗ ಅವನು ಮನೆಗೆ ತಂದದ್ದು ಬಟ್ಟೆಗೆ ಹಚ್ಚುವ ಈ ಚೀಟಿಗಳ ಒಂದು ಕಟ್ಟು. ಇಷ್ಟು ವರ್ಷ ಅಟ್ಟದ ಮೇಲಿದ್ದದ್ದು ಈಗ ಕೆಳಗಿಳಿದಿದೆ.

"ಏನಿದು ದುರುಗಮ್ಮಾ?"

"ಲೇಬಲ್ಲು. ನೀವೇ ಬರ್ದಿದ್ರಲ್ರಿ, ಹಚ್ಚಬೇಕಂತ."

ಅವಳು ನಗುತ್ತಿರಲಿಲ್ಲ. ಎದುರಿಗೆ ಗಿರಾಕಿಗಳೂ ಇರಲಿಲ್ಲ. ಪಕ್ಕದ ಅಂಗಡಿಯಲ್ಲಿ ಐದಾರು ಜನ ನಿಂತಿದ್ದರು. ಭಾನುವಾರ ಹನ್ನೊಂದು ಗಂಟೆಗೆ ದುರುಗಮ್ಮನ ಬುಟ್ಟಿ ತುಂಬಿರುವುದನ್ನು ನಾನು ನೋಡಿದ್ದು ಅದೇ ಮೊದಲು.

ಆದದ್ದು ಇಷ್ಟು. ನನ್ನ ಅಂಕಣ ಓದಿದವರು ಬಂದು "ಮಲ್ಪೆ ಮೀನು ಕೊಡಮ್ಮ" ಅಂದಿದ್ದಾರೆ. ಇವಳು "ಮಲ್ಪೇದಿಲ್ಲ, ಐಸ್ ಮಾಲು ಐತಿ" ಅಂದಿದ್ದಾಳೆ. ಆಗ ಕರಾವಳಿ ಕಡೆಯ ಒಬ್ಬ ಹೋಟೆಲಿನವರು ಪೇಪರ್ ಎತ್ತಿ ಹಿಡಿದು ಎಲ್ಲರೆದುರು ಓದಿದ್ದಾರೆ. "ಅಲ್ಲಿ ಬೋಟೇ ಇಳಿದಿಲ್ಲ, ಮೇಷ್ಟ್ರಿಗೆ ಮಲ್ಪೆ ಅಂತ ಟೋಪಿ ಹಾಕಿದವಳು ನಮಗೆ ಇನ್ನೇನು ಹಾಕುತ್ತಾಳೋ" ಅಂದಿದ್ದಾರೆ. ಜನ ನಕ್ಕಿದ್ದಾರೆ. ನಕ್ಕವರು ಪಕ್ಕದ ಅಂಗಡಿಗೆ ಸರಿದಿದ್ದಾರೆ.

"ಮೂವತ್ತು ವರ್ಷ ಆತ್ರಿ ಇಲ್ಲಿ ಕುಂತು. ಕೆಟ್ಟ ಮೀನು ಕೊಟ್ಟೆ ಅಂತ ಒಬ್ರು ಅಂದಿಲ್ಲ. ಸುಳ್ಳಿ ಅಂತ ಅನ್ನಿಸ್ಕಂಡಿದ್ದು ಈಗ."

"ಮತ್ತೆ ನನಗೆ ಯಾಕಮ್ಮ ಹಾಗೆ ಹೇಳಿದೆ?"

ಕೇಳಬಾರದಿತ್ತು. ಕೇಳಿಬಿಟ್ಟೆ.

ಅವಳು ಕೈಯಲ್ಲಿದ್ದ ಕತ್ತಿ ಕೆಳಗಿಟ್ಟಳು. "ಮೊದ್ಲು ನಿಜಾನೇ ಹೇಳಿದ್ದೆ. ಅಮ್ಮಾರು ಹೋದ ಹೊಸದ್ರಾಗ ಮಲ್ಪೆ ಮಾಲೇ ಬಂದಿತ್ತು. ಅವರ ಊರಿಂದು ಅಂದ ಕೂಡ್ಲೆ ನಿಮ್ಮ ಮುಖ ನೋಡಬೇಕಿತ್ತು, ಮುಳ್ಳೂ ಬಿಡದಂಗ ತಿಂದ್ರಿ. ಮುಂದಿನ ವಾರ ಕಾರವಾರದ್ದು ಅಂದೆ. ಅರ್ಧ ತಿಂದು ಎದ್ದು ಹೋದ್ರಿ. ಅವತ್ತಿಂದ ನಿಮ್ಗ ಎಲ್ಲಾನೂ ಮಲ್ಪೇದೇ."

ಅವಳು ಮತ್ತೆ ಅಂದಳು, "ನಾನು ನಿಮಗ ಹೇಳಿದ್ದು ಮೇಷ್ಟ್ರೇ. ಪೇಪರಿಗೆ ಹೇಳಿದ್ದಲ್ಲ."

ಈ ವಾರದ ಅಂಕಣ ಆ ಒಂದು ಮಾತಿಗಾಗಿ. ಹರಿಹರದ ಓದುಗರೇ, ದಯವಿಟ್ಟು ಕೇಳಿ. ದುರುಗಮ್ಮ ನಿಮಗೆ ಯಾರಿಗೂ ಮಲ್ಪೆ ಮೀನು ಎಂದು ಹೇಳಿ ಮಾರಿಲ್ಲ. ಐಸ್ ಮಾಲನ್ನು ಐಸ್ ಮಾಲು ಎಂದೇ ಹೇಳಿದ್ದಾಳೆ. ಮಳೆಗಾಲದಲ್ಲಿ ಅದು ಆಚೆಯ ಪೂರ್ವ ಕರಾವಳಿಯಿಂದಲೋ ಕೋಲ್ಡ್ ಸ್ಟೋರೇಜಿನಿಂದಲೋ ಬರುತ್ತದೆ. ಏಜೆಂಟು ಹೇಳುವುದಿಲ್ಲ, ಲಾರಿಯವನಿಗೆ ಗೊತ್ತಿರುವುದಿಲ್ಲ. ಇಡೀ ಊರಿನಲ್ಲಿ ಅವಳು ಸುಳ್ಳು ಹೇಳಿದ್ದು ಒಬ್ಬನಿಗೆ. ಆ ಒಬ್ಬನ ಕೈಗೆ ನಮ್ಮ ಸಂಪಾದಕರು ಅಂಕಣ ಕೊಟ್ಟಿದ್ದಾರೆ.

ಲೇಬಲ್ ಬರಲಿ. ಬರಲೇಬೇಕು. ಸಮುದ್ರ ಬರಿದಾಗಬಾರದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹಿಡಿದವನಿಂದ ಮಾರುವವಳವರೆಗೆ ಪ್ರತಿಯೊಬ್ಬರೂ ಕಾಗದ ತೋರಿಸಬೇಕು ಎಂದಾಗ, ಕಾಗದ ಇಲ್ಲದವರೆಲ್ಲ ಕಳ್ಳರಾಗಿ ಕಾಣುತ್ತಾರೆ. ನಾಡದೋಣಿಯವನಿಗೆ ಕಾಗದ ಯಾರು ಬರೆದುಕೊಡುತ್ತಾರೆ? ಎಲ್ಲಿಯದು ಎಂಬ ಪ್ರಶ್ನೆಯನ್ನು ಬುಡದಲ್ಲಿ ಕೂತಿರುವ ದುರುಗಮ್ಮನನ್ನು ಕೇಳಿ ಎಂದು ನಾನು ಬರೆದೆ. ಲಾರಿ ತುಂಬಿಸುವವನನ್ನು ಕೇಳಿ ಎಂದು ಬರೆಯಲು ಯಾಕೆ ಹೊಳೆಯಲಿಲ್ಲ?

ಅವತ್ತೂ ಅವಳು ನನಗೆ ಹುರಿದು ಕೊಟ್ಟಳು. ಅಮ್ಮಾರು ಹೇಗಿದ್ದಾರೆ ಎಂದು ಕೇಳಲಿಲ್ಲ. ತಟ್ಟೆ ಕೈಗಿಡುತ್ತ, "ಇದು ಯಾವ ಸಮುದ್ರದ್ದೋ ನಂಗೊತ್ತಿಲ್ಲ. ಬರ್ಕಳ್ರಿ, ಇದನ್ನೂ" ಅಂದಳು.

ನಾನು ಕಲ್ಲಿನ ಅರ್ಧದಲ್ಲಿ ಕೂತು ತಿಂದೆ. ಕೆಂಪು ಹೊಳೆ ತುಂಬಿ ಹೋಗುತ್ತಿತ್ತು. ಖಾರ ಎಂದಿನಂತೆಯೇ ಇತ್ತು, ಉಪ್ಪು ಸರಿಯಾಗಿತ್ತು, ಮೀನೂ ತಾಜಾ ಇದ್ದಂತಿತ್ತು. ಅದು ಬರೀ ಮೀನಾಗಿತ್ತು. ಅರ್ಧಕ್ಕೆ ಏಳೋಣ ಅನ್ನಿಸಿತು. ಅವಳು ನೋಡುತ್ತಿದ್ದಳು. ಮುಳ್ಳೂ ಬಿಡದೆ ಮುಗಿಸಿದೆ.

ತಟ್ಟೆ ಇಸಿದುಕೊಳ್ಳುವಾಗ ಅವಳ ದನಿ ಸ್ವಲ್ಪ ಇಳಿದಿತ್ತು. "ಮಲ್ಪೆ ಮೀನೇ ಬೇಕಂದ್ರ ಇಲ್ಲಿ ಯಾಕ ಕುಂದರ್ತೀರಿ? ಬಸ್ ಸ್ಟ್ಯಾಂಡ್ ಅಲ್ಲೇ ಐತಿ, ಶಿವಮೊಗ್ಗದ ಬಸ್ ಹತ್ರಿ."

ಬಸ್ ಸ್ಟ್ಯಾಂಡಿಗೆ ಹೋದೆ. ಶಿವಮೊಗ್ಗದ ಬಸ್ಸು ನಿಂತಿತ್ತು. ಕಂಡಕ್ಟರ್ ಕೂಗುತ್ತಿದ್ದ. ನಾನು ಯೋಚಿಸಿದೆ. ಘಾಟಿಯಲ್ಲಿ ಗುಡ್ಡ ಕುಸಿದಿದ್ದರೆ? ಸೋಮವಾರ ಮೊದಲ ಪೀರಿಯಡ್ ನನ್ನದೇ. ಮನೆಯ ನಲ್ಲಿ ಸರಿಯಾಗಿ ತಿರುಗಿಸಿ ಬಂದಿದ್ದೇನೋ ಇಲ್ಲವೋ. ಛತ್ರಿ ಒಂದೇ ಇದೆ, ಅದರ ಒಂದು ಕಡ್ಡಿ ಮುರಿದಿದೆ. ಹೋದ ಮೇಲೆ ಅವಳು "ಎಂತಕ್ಕೆ ಬಂದಿರಿ?" ಅಂದುಬಿಟ್ಟರೆ?

ಬಸ್ಸು ಹೊರಟಿತು. ನಾನು ದಾವಣಗೆರೆಯ ಬಸ್ಸು ಹತ್ತಿದೆ. ಜೇಬಿನಲ್ಲಿ ಒಂದು ಗಿಳಿ ಚೀಟಿ ಇತ್ತು, ಯಾವಾಗ ಇಟ್ಟುಕೊಂಡೆನೋ. ಈಗ ಅದು ಮೇಜಿನ ಮೇಲಿದೆ. ಸ್ವಲ್ಪ ಮೀನು ವಾಸನೆ ಬರುತ್ತಿದೆ. ಮಾಲೀಕರಿಗೆ ಗೊತ್ತಾಗದಿದ್ದರೆ ಸಾಕು.

ಬೋಟುಗಳು ದಡದಲ್ಲಿ ನಿಂತಿರುವುದು ಮಳೆಗೆ, ಮೀನಿನ ಸಂತಾನ ಉಳಿಯಲಿ ಎಂದು. ನಾನು ನಿಂತಿರುವುದು ಯಾತಕ್ಕೆ?