ಡೆನ್ಮಾರ್ಕಿನ ಯಂತ್ರಕ್ಕೆ ಆಯುಧಪೂಜೆ

2000ನೇ ಇಸವಿಯ ಅಕ್ಟೋಬರ್‌ನಲ್ಲಿ, ಆಯುಧಪೂಜೆಯ ದಿನ ಬೆಳಿಗ್ಗೆ, ನ್ಯೂಜೆರ್ಸಿಯ ಒಂದು ಕೊಳಚೆನೀರು ಶುದ್ಧೀಕರಣ ಘಟಕದಲ್ಲಿ ನನ್ನ ಗಂಡ ಡೆನ್ಮಾರ್ಕಿನ ಕಂಪನಿಯೊಂದರ ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ ಹೂವಿಟ್ಟರು. ಊದಿನಕಡ್ಡಿ ಹಚ್ಚಲು ಆಪರೇಟರ್ ಬಿಡಲಿಲ್ಲ. ತೊಟ್ಟಿಗಳ ಹತ್ತಿರ ಬೆಂಕಿಕಡ್ಡಿ ಗೀರುವಂತಿರಲಿಲ್ಲ. ಅವನು ನಿವೃತ್ತಿ ಹತ್ತಿರವಿದ್ದ ಬಿಳಿಯ ಮನುಷ್ಯ. ಟೊಪ್ಪಿಗೆ ತೆಗೆದು ಪಕ್ಕದಲ್ಲಿ ನಿಂತು ಕೊನೆಯವರೆಗೂ ನೋಡಿದ. ಪ್ರಸಾದವೆಂದು ಕೊಟ್ಟ ಪೇಡೆ ತಿಂದು, ಇದು ಯಂತ್ರದ ಹುಟ್ಟುಹಬ್ಬವೇ ಎಂದು ಕೇಳಿದನಂತೆ. ಹೌದೆಂದು ಇವರು ಹೇಳಿದರು. ವಿವರಿಸುವುದಕ್ಕಿಂತ ಅದು ಸುಲಭವಾಗಿತ್ತು.

ಆ ಯಂತ್ರದ ಕೆಲಸ ವಿದ್ಯುತ್ ಉಳಿಸುವುದು. ಕೊಳಚೆನೀರಿನ ತೊಟ್ಟಿಗಳಿಗೆ ದೊಡ್ಡ ಬ್ಲೋವರ್‌ಗಳು ಹಗಲಿರುಳು ಗಾಳಿ ಊದುತ್ತಿರುತ್ತವೆ. ಕೊಳೆ ತಿನ್ನುವ ಸೂಕ್ಷ್ಮಜೀವಿಗಳಿಗೆ ಆ ಗಾಳಿ ಬೇಕು. ಎಲ್ಲ ಕಡೆ ಅವನ್ನು ಪೂರ್ತಿ ಜೋರಿನಲ್ಲಿ ಓಡಿಸಿ ಸುಮ್ಮನಾಗುತ್ತಿದ್ದರು. ಈ ಯಂತ್ರ ನೀರು ಎಷ್ಟು ಕೊಳೆಯಾಗಿದೆ ಎಂದು ನೋಡಿ, ಬೇಕಾದಷ್ಟೇ ಗಾಳಿ ಬಿಡುತ್ತಿತ್ತು. ನೋಡುವುದಕ್ಕೆ ಅದಕ್ಕೊಂದು ಗಾಜಿನ ಕಣ್ಣಿತ್ತು. ಉಕ್ಕಿನ ಕೋಲಿನ ತುದಿಯಲ್ಲಿದ್ದ ಆ ಕಣ್ಣು ಸದಾ ನೀರಿನಲ್ಲಿ ಮುಳುಗಿರುತ್ತಿತ್ತು. ವಾರಕ್ಕೊಮ್ಮೆ ಕೋಲನ್ನು ಮೇಲೆತ್ತಿ ಕಣ್ಣು ಒರೆಸಬೇಕು. ಅಮೆರಿಕದಲ್ಲಿ ಆ ಕಂಪನಿಗೆ ಇದ್ದ ಒಬ್ಬನೇ ನೌಕರ ನನ್ನ ಗಂಡ. ಕಚೇರಿಯೆಂದರೆ ಹಿಲ್ಸ್‌ಬರೋದಲ್ಲಿ ದಂತವೈದ್ಯರೊಬ್ಬರ ಕ್ಲಿನಿಕ್ಕಿನ ಮೇಲಂತಸ್ತಿನ ಒಂದು ಕೋಣೆ.

ಡೆನ್ಮಾರ್ಕಿನಲ್ಲೂ ಕಂಪನಿ ದೊಡ್ಡದಲ್ಲ. ಎಲ್ಲರೂ ಒಂದೇ ಮೇಜಿನ ಸುತ್ತ ಕೂತು ಊಟ ಮಾಡುವಷ್ಟು ಜನ. ಅಮೆರಿಕದ ಮಾರುಕಟ್ಟೆಗೆ ಬರುವ ಶಕ್ತಿ ಅವರಿಗೆ ಸ್ವಂತವಾಗಿ ಇರಲಿಲ್ಲ. ನಾರ್ಡಿಕ್ ದೇಶಗಳು ಸೇರಿ ನಡೆಸುತ್ತಿದ್ದ ಒಂದು ನಿಧಿ, ಪರಿಸರಕ್ಕೆ ಒಳ್ಳೆಯದಾಗುವ ತಂತ್ರಜ್ಞಾನವಿರುವ ಇಂಥ ಸಣ್ಣ ಕಂಪನಿಗಳು ಹೊರದೇಶಕ್ಕೆ ಹೋಗಿ ಪ್ರಯೋಗ ನಡೆಸಲು ನೆರವು ಕೊಡುತ್ತಿತ್ತು. ನೆರವು ಮೊದಲೇ ಬರುತ್ತಿರಲಿಲ್ಲ. ಕಂಪನಿ ಖರ್ಚು ಮಾಡಿ ಪ್ರಯೋಗ ಮುಗಿಸಬೇಕು. ನಿಧಿಯ ಮಂಡಳಿ ವರದಿ ಒಪ್ಪಿದ ಮೇಲೆ ಖರ್ಚಿನ ಒಂದು ಪಾಲು ಕೈಸೇರುತ್ತದೆ. ಒಪ್ಪದಿದ್ದರೆ ಹಿಲ್ಸ್‌ಬರೋದ ಕೋಣೆ ಮುಚ್ಚುವುದೆಂದು ಮಾಲೀಕ ಮೊದಲ ದಿನವೇ ಹೇಳಿದ್ದ. ಕೋಣೆ ಮುಚ್ಚಿದರೆ ನನ್ನ ಗಂಡನ ವೀಸಾ ಉಳಿಯುವುದಿಲ್ಲ. ನನ್ನದು ಅದಕ್ಕೆ ಜೋತುಬಿದ್ದ ಡಿಪೆಂಡೆಂಟ್ ವೀಸಾ. ಹುಬ್ಬಳ್ಳಿಯ ಪತ್ರಿಕೆಯೊಂದರ ಸುದ್ದಿಮನೆ ಬಿಟ್ಟು ಬಂದಿದ್ದ ನಾನು ಇಲ್ಲಿ ಕೆಲಸ ಮಾಡುವಂತಿರಲಿಲ್ಲ.

ಹಬ್ಬದ ಮರುದಿನದಿಂದ ಬ್ಲೋವರ್‌ಗಳು ಪೂರ್ತಿ ಜೋರಿನಲ್ಲಿ ಓಡತೊಡಗಿದವು. ಸೋಮವಾರ ಬೆಳಿಗ್ಗೆ, ಪ್ರತಿ ವಾರದಂತೆ, ಮಾಲೀಕನ ಫೋನ್ ಬಂತು. ಮಾಪನಗಳು ಅವನಿಗೆ ಫೋನ್ ಲೈನಿನ ಮೂಲಕ ದಿನವೂ ತಲುಪುತ್ತಿದ್ದವು. ಏನು ಬದಲಾಯಿತು ಎಂದಷ್ಟೇ ಕೇಳಿದ. ಏನೂ ಇಲ್ಲ ಎಂದು ಇವರು ಹೇಳಿದರು. ಹೇಳುವಾಗ ಅವರಿಗೆ ಹಾಗೆಯೇ ಅನ್ನಿಸಿತ್ತು.

ವಾರದ ಒರೆಸುವ ಪಾಳಿಗೆ ಕೋಲನ್ನು ಮೇಲೆತ್ತಿದಾಗ ಗೊತ್ತಾಯಿತು. ಗಾಜಿನ ಮೇಲೆ ತೆಳ್ಳನೆಯ ಹಳದಿ ಪೊರೆ ಕೂತಿತ್ತು. ಯಂತ್ರಕ್ಕೆ ಎಲ್ಲ ನೀರೂ ಕೊಳೆಯಾಗಿಯೇ ಕಾಣುತ್ತಿತ್ತು. ಮನೆಗೆ ಬಂದವರು ಶೂ ಬಿಚ್ಚದೆ ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಕಣ್ಣಿಗೇ ಹಚ್ಚಿದ್ರೇನು?" ಎಂದೆ.

"ಕಣ್ಣಿಗಲ್ಲ, ಕೋಲಿಗೆ ಹಚ್ಚಿದ್ದೆ. ಅರಿಶಿನ ತುಪ್ಪದಾಗ ಕಲಸಿದ್ದೆ. ಇಳದು ಬಂದದ."

"ತುಪ್ಪದಾಗ ಯಾಕ ಕಲಸಿದ್ರಿ?"

"ನೀರಾಗ ಕಲಸಿದ್ರ ಅಲ್ಲಿ ನಿಲ್ಲೂದಿಲ್ಲಲ್ಲ."

"ಮತ್ತ ನೀರಾಗ ಇಳಿಸೂಮುಂದ ಒರಸಬೇಕಿತ್ತಿಲ್ರಿ?"

"ಹಬ್ಬದ ದಿನ ಹಚ್ಚಿದ ಕುಂಕುಮ ಅವತ್ತ ಯಾರರ ಒರಸ್ತಾರೇನ?"

ಅವರ ತಂದೆ ಧಾರವಾಡದಲ್ಲಿ ಹಿಟ್ಟಿನ ಗಿರಣಿ ನಡೆಸಿದವರು. ಗಿರಣಿಯ ಪಟ್ಟಿಯ ಮೇಲಿನ ಕುಂಕುಮ ತಾನಾಗಿ ಉದುರುವವರೆಗೆ ಯಾರೂ ಮುಟ್ಟುತ್ತಿರಲಿಲ್ಲ.

"ಯಾರ್ಯಾರಿಗೆ ಗೊತ್ತದ?" ಎಂದು ಕೇಳಿದೆ.

"ನನಗ, ನಿನಗ. ಆಪರೇಟರ್ ನೋಡ್ಯಾನ, ಖರೆ ಅವಗ ಇದರ ಸಂಬಂಧ ಹತ್ತಿಲ್ಲ."

ನವೆಂಬರ್‌ನಲ್ಲಿ ನಿಧಿಯ ಪರಿಶೀಲಕಿ ಯಂತ್ರ ನೋಡಲು ಬರುವವಳಿದ್ದಳು. ಮಾಪನಗಳು ನಡುವೆ ಒಂದು ದಿನವೂ ತಪ್ಪಿರಬಾರದು ಎಂಬುದು ನಿಧಿಯ ಷರತ್ತು. ಹಬ್ಬದ ವಾರ ಮಾತ್ರ ಯಂತ್ರ ವಿದ್ಯುತ್ ಉಳಿಸಿರಲಿಲ್ಲ.

ಆ ಭಾನುವಾರ ಜೆರ್ಸಿ ಸಿಟಿಯಿಂದ ಇವರ ಸ್ನೇಹಿತ ಊಟಕ್ಕೆ ಬಂದ. ಮೈಸೂರಿನವನು, ಮ್ಯಾನ್‌ಹ್ಯಾಟನ್‌ನಲ್ಲಿ ಇಂಟರ್ನೆಟ್‌ನಲ್ಲಿ ಸಾಕುಪ್ರಾಣಿಗಳ ಸಾಮಾನು ಮಾರುವ ಕಂಪನಿಯೊಂದರಲ್ಲಿ ಪ್ರೋಗ್ರಾಮರ್. ಕಥೆ ಕೇಳಿ ಅವನಿಗೆ ಅನ್ನ ನೆತ್ತಿಗೇರಿತು.

"ಏನ್ ಗುರೂ, ಕಣ್ಣಿಗೆ ಕಾಡಿಗೆ ಹಚ್ಚೋದ್ ಯಾಕ್ ಬಿಟ್ಟೆ? ಪೂರ್ತಿ ಅಲಂಕಾರ ಆಗ್ತಿತ್ತು!"

"ನಗಬ್ಯಾಡೋ. ನನ್ನ ವೀಸಾ ಅದ ಅದರಾಗ."

"ಆ ವಾರದ ಡೇಟಾ ಡಿಲೀಟ್ ಮಾಡು. ಸೆನ್ಸರ್ ಕೈಕೊಡ್ತು ಅನ್ನು. ಯಾವನ್ ಕೇಳ್ತಾನೆ?"

"ಅವರು ಕೇಳವ್ರಪಾ. ಯಾಕ ಕೈಕೊಡ್ತು ಅಂತಾರ, ಹಿಂದಿಂದೆಲ್ಲ ತಗದು ನೋಡ್ತಾರ."

"ಹಂಗಿದ್ರೆ ಬಿಟ್ಟ್ ಬಾ. ಪ್ರೋಗ್ರಾಮಿಂಗ್ ಕಲಿ. ಜಾವಾ ಪುಸ್ತಕ ಬ್ಯಾಗಲ್ಲೇ ಇದೆ, ಕೊಟ್ಟ್ ಹೋಗ್ತೀನಿ, ರೆಸ್ಯೂಮೆನೂ ನಾನೇ ಬರೀತೀನಿ. ಅತ್ತಿಗೆ, ನೀವಾದ್ರೂ ಹೇಳಿ."

"ನಾ ಕೆಮಿಕಲ್ ಇಂಜಿನಿಯರ್ ಅದೀನಿ," ಎಂದರು ಇವರು.

"ನಮ್ ಆಫೀಸಲ್ಲಿ ದನದ ಡಾಕ್ಟ್ರೊಬ್ಬ ಡೇಟಾಬೇಸ್ ನೋಡ್ಕೋತಾನೆ."

"ಬಾಲ ಎತ್ತಿ ನೋಡ್ತಾನೇನು?"

ಮೂವರೂ ನಕ್ಕೆವು. ಸ್ನೇಹಿತ ಹೋದ ಮೇಲೆ ಇವರು ಪಾತ್ರೆ ತೊಳೆದರು, ತೊಳೆದಿದ್ದನ್ನು ಮತ್ತೆ ತೊಳೆದರು. ಅವನು ಬಿಟ್ಟುಹೋಗಿದ್ದ ಜಾವಾ ಪುಸ್ತಕವನ್ನು ತೆರೆದು ಓದತೊಡಗಿದರು. ಒಂದೇ ಪುಟದಲ್ಲಿ ಬಹಳ ಹೊತ್ತು ಇದ್ದರು.

ಮರುದಿನ ಮಾಲೀಕನಿಗೆ ಎಲ್ಲವನ್ನೂ ಹೇಳಿದರು. ನಾನೂ ಕೋಣೆಯಲ್ಲಿದ್ದೆ, ಫೋನ್ ಸ್ಪೀಕರ್‌ನಲ್ಲಿತ್ತು. ಹಬ್ಬ ಎಂದರೇನು, ಆಯುಧ ಎಂದರೆ ನಮ್ಮಲ್ಲಿ ಸ್ಕೂಟರೂ ಟೈಪ್‌ರೈಟರೂ ಹೇಗೆ ಆಗುತ್ತದೆ, ಅರಿಶಿನ ಏಕೆ, ತುಪ್ಪ ಏಕೆ ಎಂದು ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲಿ ಅವರ ಅಂಗಿ ಬೆವರಿತ್ತು. ಆ ಕಡೆಯಿಂದ ಮಾತಿಲ್ಲ. ಲೈನ್ ಕಡಿದಿದೆಯೆಂದು ಇವರು ಎರಡು ಸಲ ಹಲೋ ಎಂದರು. ಡೆನ್ಮಾರ್ಕಿನವರು ಯೋಚಿಸುವಾಗ ಸುಮ್ಮನಿರುತ್ತಾರೆ. "ಹ್ಞಾಂ, ಹೇಳಿ" ಎಂದು ನಡುವೆ ಸದ್ದು ಮಾಡುವ ರೂಢಿ ಅವರಿಗಿಲ್ಲ. ಇದು ನಮಗೆ ವರ್ಷಗಳ ಮೇಲೆ ಅರ್ಥವಾಯಿತು. ಆ ದಿನ ಅದು ಸಿಟ್ಟಾಗಿ ಕೇಳಿಸಿತು. ಕೊನೆಗೆ ಅವನು, ತುಪ್ಪ ಎಂದರೆ ಕೊಬ್ಬೇ ಎಂದು ಕೇಳಿದ. ಹೌದು ಎಂದರು. ಪರಿಶೀಲಕಿಗೆ ನೀನೇ ಹೇಳು ಎಂದು ಫೋನ್ ಇಟ್ಟ.

ಅವಳು ಬರುವವರೆಗೆ ನಮ್ಮ ಮನೆಯಲ್ಲಿ ಏನನ್ನೂ ಕೊಳ್ಳಲಿಲ್ಲ. ಚಳಿಗಾಲದ ಕೋಟು ನೋಡಿ ಬಂದಿದ್ದೆವು, ತರಲಿಲ್ಲ. ಅಪಾರ್ಟ್‌ಮೆಂಟಿನ ಲೀಸ್ ನವೀಕರಿಸುವ ಕಾಗದ ಫ್ರಿಜ್ಜಿನ ಮೇಲೆ ಸಹಿಯಿಲ್ಲದೆ ಇತ್ತು. ಊರಿಗೆ ಫೋನ್ ಮಾಡಿದಾಗ, ಎಲ್ಲ ಆರಾಮ ಇದ್ದೀವಿ ಎಂದೆವು.

ಪರಿಶೀಲಕಿ ಐವತ್ತರ ಆಸುಪಾಸಿನ ಹೆಂಗಸು. ಫಿನ್ಲೆಂಡ್‌ನವಳು. ಘಟಕದಲ್ಲಿ ಅವಳು ಕಬ್ಬಿಣದ ಕಟಾಂಜನ ಹಿಡಿದು ತೊಟ್ಟಿಯೊಳಗೆ ಬಗ್ಗಿ ನೋಡುತ್ತಿದ್ದಾಗ ನನ್ನ ಗಂಡ ಹೇಳಲು ಶುರುಮಾಡಿದರು. ಅರ್ಧಕ್ಕೆ ಬರುವಷ್ಟರಲ್ಲಿ ಆಪರೇಟರ್ ಬಾಯಿ ಹಾಕಿದ. ಹೂವೆಲ್ಲ ಇಟ್ಟು ಎಷ್ಟು ಚೆನ್ನಾಗಿ ಹುಟ್ಟುಹಬ್ಬ ಮಾಡಿದರು, ನೀವು ಇರಬೇಕಿತ್ತು, ಸಿಹಿ ಕೂಡ ಇತ್ತು ಎಂದ. ಅವಳು ನಗಲಿಲ್ಲ. ಅವನತ್ತ ತಿರುಗಿ, ಈ ನೀರಿಗೆ ಹೋಟೆಲುಗಳ ಎಣ್ಣೆ ಬರುತ್ತದೆಯೇ ಎಂದು ಕೇಳಿದಳು.

"ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೆಯ ದಿನ ಬನ್ನಿ ಮೇಡಂ," ಎಂದ ಅವನು. "ಜಿಡ್ಡು ಎಷ್ಟು ಗಟ್ಟಿಯಾಗಿ ಕಟ್ಟಿರುತ್ತದೆಂದರೆ, ತೊಟ್ಟಿಯ ಮೇಲೆ ನಡೆದಾಡಬಹುದು."

ಪರಿಶೀಲಕಿ ಹಾಗಾದರೆ ತಪ್ಪು ಪೂಜೆಯದಲ್ಲ ಎಂದಳು. ಒಂದು ಚಮಚ ತುಪ್ಪಕ್ಕೆ ಕುರುಡಾಗುವ ಯಂತ್ರ ಈ ದೇಶದಲ್ಲಿ ನಡೆಯುವುದಿಲ್ಲ. ಈಗಿರುವ ಹಾಗೆ ವರದಿ ಬಂದರೆ ಒಪ್ಪಬಾರದೆಂದು ತಾನೇ ಮಂಡಳಿಗೆ ಹೇಳಬೇಕಾಗುತ್ತದೆ ಎಂದಳು. ಕಣ್ಣನ್ನು ತಾನೇ ಒರೆಸಿಕೊಳ್ಳುವ ವ್ಯವಸ್ಥೆ ಮಾಡಿ, ಹಬ್ಬಗಳ ಕಾಲವನ್ನೂ ಸೇರಿಸಿ, ಪ್ರಯೋಗವನ್ನು ಮೊದಲಿನಿಂದ ನಡೆಸಿದರೆ ಗಡುವು ಮುಂದೂಡಲು ಶಿಫಾರಸು ಮಾಡುವುದಾಗಿಯೂ ಹೇಳಿದಳು. ಅಷ್ಟು ದಿನ ಖರ್ಚು ಹೊರಲು ಕಂಪನಿಗೆ ಸಾಧ್ಯವೇ ಎಂಬುದನ್ನು ಕಂಪನಿಯೇ ನೋಡಿಕೊಳ್ಳಬೇಕು.

ಇವರು ಮನೆಗೆ ಬಂದು ಇದನ್ನು ಹೇಳಿದಾಗ, ಸುದ್ದಿ ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯಲಿಲ್ಲ. ಅವರಿಗೂ ತಿಳಿದಿರಲಿಲ್ಲ. ಮಾಲೀಕ ತನ್ನ ಬ್ಯಾಂಕಿನ ಹತ್ತಿರ ಮಾತಾಡಿ ಹೇಳುತ್ತೇನೆ ಎಂದ. ಆಮೇಲೆ ಸೋಮವಾರಗಳ ಫೋನ್ ಬರುವುದು ನಿಂತಿತು.

ಡಿಸೆಂಬರ್‌ನಲ್ಲಿ ಸ್ನೇಹಿತನ ಕಂಪನಿ ಬಾಗಿಲು ಹಾಕಿತು. ಬೆಳಿಗ್ಗೆ ಆಫೀಸಿಗೆ ಹೋದವನು ಮಧ್ಯಾಹ್ನ ನಮ್ಮ ಮನೆಗೆ ಫೋನ್ ಮಾಡಿದ.

"ನಿಮ್ ಕೊಳಚೆ ಕಂಪನೀಲಿ ಜಾಗ ಇದ್ಯಾ ಗುರೂ?"

"ನನಗ ಅದನೋ ಇಲ್ಲೋ, ಅದ ಗೊತ್ತಿಲ್ಲೋ," ಎಂದರು ಇವರು.

ಸ್ನೇಹಿತ ನಗಲಿಲ್ಲ. ಅವನ ವೀಸಾ ಕೂಡ ಕೆಲಸದ ಜೊತೆಗೆ ಹೋಗಿತ್ತು. ಜನವರಿಯಲ್ಲಿ ಅವನು ಮೈಸೂರಿಗೆ ವಾಪಸಾದ. ನ್ಯೂಆರ್ಕ್ ವಿಮಾನ ನಿಲ್ದಾಣಕ್ಕೆ ನಾವೇ ಬಿಟ್ಟು ಬಂದೆವು.

ಅದೇ ವಾರ ಡೆನ್ಮಾರ್ಕಿನಿಂದ ಒಂದು ಪೆಟ್ಟಿಗೆ ಬಂತು. ಪತ್ರವಿರಲಿಲ್ಲ. ಒಳಗೆ ಕಾರಿನ ಗಾಜು ಒರೆಸುವಂಥದ್ದೇ ಪುಟ್ಟ ರಬ್ಬರ್ ಪಟ್ಟಿ, ಮೋಟಾರ್ ಮತ್ತು ಜೋಡಿಸುವ ನಕ್ಷೆ ಇದ್ದವು. ಮಾಲೀಕ ಆ ಸೋಮವಾರ ಫೋನ್ ಮಾಡಿ, ಪೆಟ್ಟಿಗೆ ತಲುಪಿತೇ ಎಂದು ಕೇಳಿದ. ತಲುಪಿತು ಎಂದರು. ಸರಿ ಎಂದ.

ಇವರು ಪಟ್ಟಿಯನ್ನು ಕಣ್ಣಿಗೆ ಜೋಡಿಸಿ ಪ್ರಯೋಗವನ್ನು ಮೊದಲಿನಿಂದ ಶುರುಮಾಡಿದರು. ಹಿಮ ಬಿದ್ದ ದಿನಗಳಲ್ಲೂ ಘಟಕಕ್ಕೆ ಡ್ರೈವ್ ಮಾಡಿ, ಕೋಲು ಎತ್ತಿ ನೋಡಿ ಬರುತ್ತಿದ್ದರು. ನೋಡಬೇಕಾದ ಅಗತ್ಯವಿರಲಿಲ್ಲ, ಮಾಪನಗಳು ಕಂಪ್ಯೂಟರಿನಲ್ಲೇ ಕಾಣುತ್ತಿದ್ದವು. ಪರಿಶೀಲಕಿ ಕೇಳಿದ್ದ ಹಬ್ಬಗಳ ಕಾಲಕ್ಕಾಗಿ ಪ್ರಯೋಗವನ್ನು ಆ ವರ್ಷದ ಥ್ಯಾಂಕ್ಸ್‌ಗಿವಿಂಗ್‌ವರೆಗೂ ನಡೆಸಿದರು. ಅದೇ ವರ್ಷದ ಆಯುಧಪೂಜೆಗೆ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟರು, ಘಟಕಕ್ಕೆ ಬರಿಗೈಯಲ್ಲಿ ಹೋದರು. ಪೇಡೆ ಎಲ್ಲಿ ಎಂದು ಆಪರೇಟರ್ ಕೇಳಿದನಂತೆ.

2002ರ ವಸಂತದಲ್ಲಿ ನಿಧಿಯ ಮಂಡಳಿ ವರದಿಯನ್ನು ಒಪ್ಪಿತು. ಪ್ರಯೋಗ ನಡೆದ ಘಟಕ ಯಂತ್ರವನ್ನು ಕೊಳ್ಳಲಿಲ್ಲ. ಪಕ್ಕದ ಕೌಂಟಿಯ ಇನ್ನೊಂದು ಘಟಕ ಕೊಂಡಿತು. ಆ ಬೇಸಿಗೆಯಲ್ಲಿ ನಮ್ಮ ವೀಸಾಗಳು ವಿಸ್ತರಣೆಯಾದವು. ಕಂಪನಿಯ ಅಮೆರಿಕದ ಕಚೇರಿ ಈಗ ಪೆನ್ಸಿಲ್ವೇನಿಯಾದಲ್ಲಿದೆ. ನಾವು ನ್ಯೂಜೆರ್ಸಿಯ ಮನ್ರೋದಲ್ಲಿದ್ದೇವೆ, ನನ್ನ ಗಂಡ ವಾರಕ್ಕೆ ಮೂರು ದಿನ ಅಲ್ಲಿಗೆ ಕಮ್ಯೂಟ್ ಮಾಡುತ್ತಾರೆ.