ಇಂಗ್ಲೆಂಡಿನ ಕೆಸರು

ಪಕ್ಕದ ಮನೆಯ ಚಪ್ಪಲಿ ಸ್ಟ್ಯಾಂಡಿನಲ್ಲಿ ಒಂದೇ ಒಂದು ಬೂಟು ಇತ್ತು, ಅದರ ತುಂಬ ಒಣಗಿದ ಕೆಸರು. ಅದನ್ನು ಒರೆಸಬಾರದೆಂದು ಅಂಕಲ್ ಅಪ್ಪಣೆ. ಸಿಂಗಪುರದ ಜುರಾಂಗ್ ಐಲ್ಯಾಂಡಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿದ್ದ ಅವರು, ಒಳ್ಳೆಯ ಬೋನಸ್ ಬಂದ ವರ್ಷ, ಲಂಡನ್ನಿಗೆ ಜನ ದಿನಾ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುವ ಪುಟ್ಟ ಊರೊಂದರಲ್ಲಿ ಆಂಟಿಯೊಡನೆ ರಜೆ ಕಳೆದು ಬಂದಿದ್ದರು. ಅಂದಿನಿಂದ ಇಲ್ಲಿ ವಾಕ್ ಹೋಗುವುದನ್ನೇ ಬಿಟ್ಟಿದ್ದರು.

ಆಂಟಿಗೆ ಸಕ್ಕರೆ ಕಾಯಿಲೆ. ದಿನಾ ನಡೆಯದಿದ್ದರೆ ಇನ್ಸುಲಿನ್ ಶುರುವಾಗುತ್ತದೆ ಎಂದು ಡಾಕ್ಟರ್ ಹೆದರಿಸಿದ್ದರು. ಒಬ್ಬರೇ ಹೋಗಲು ಅವರಿಗೆ ಸಂಕೋಚ.

"ವಾಕ್ ಅಂದ್ರೆ ಅಲ್ಲಿ ಕಣಮ್ಮ," ಎಂದು ಅಂಕಲ್ ನನಗೆ ಹೊಲ, ಬೇಲಿ, ಕಾಲುದಾರಿಗಳ ಫೋಟೋ ತೋರಿಸಿದರು. "ಇಲ್ಲಿ ಪಾರ್ಕೂ ಏರ್‌ಪೋರ್ಟ್ ಥರ ಫಳಫಳ ಅಂತಿದೆ."

"ಇನ್ನೊಂದು ಬೂಟ್ ಎಲ್ಲಿ ಹೋಯ್ತು, ಅದನ್ನೂ ಹೇಳ್ರೀ," ಎಂದರು ಆಂಟಿ.

ಅಂಕಲ್ ಕಾಫಿ ಕುಡಿದರು. ಆಂಟಿಯೇ ಹೇಳಿದರು: "ಹೊಲದಲ್ಲಿ ಹಸು ಕಂಡ್ವು. ಬಾಲ ಮುಟ್ಟಿ ಕಣ್ಣಿಗೆ ಒತ್ಕೊಳ್ಳೋಕೆ ಇವರು ಹಿಂದಿನಿಂದ ಹೋದ್ರು. ಗೋಮಾತೆ ಅಟ್ಟಿಸ್ಕೊಂಡು ಬಂದ್ಲು. ಇವರು ಗೇಟ್ ಮೇಲೆ, ಬೂಟು ಕೆಸರೊಳಗೆ. ವಾಕ್ ಅಂತ ಮಾಡಿದ್ದು ಅದೊಂದೇ ದಿನ!"

"ಅಲ್ಲಿ ಹಸುಗಳಿಗೂ ಪ್ರೈವೆಸಿ ಬೇಕಮ್ಮ," ಎಂದರು ಅಂಕಲ್, ನನ್ನ ಕಡೆ ತಿರುಗಿ.

ಮರುದಿನ ಬೆಳಿಗ್ಗೆ ನಾನು ಷೂ ಹಾಕಿಕೊಂಡು ಅವರ ಮನೆಯ ಬೆಲ್ ಒತ್ತಿದೆ. ಬಾಗಿಲು ತೆರೆದ ಅಂಕಲ್‌ಗೆ, ಆಂಟಿಯನ್ನು ಕೆರೆಯ ಪಾರ್ಕಿಗೆ ಕರೆದೊಯ್ಯಲು ಬಂದಿದ್ದೇನೆ, ಅಲ್ಲಿ ಹಸುಗಳಿಲ್ಲ ಎಂದೆ.